ಹಳೆಯ ಮರದ ಹಡಗು: ದುರಸ್ತಿಯೋ, ವಿಕ್ರಯವೋ?

ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಬ್ಯಾಂಕಿನ ಉದ್ಯೋಗಿಯಾದ ನನ್ನಿಂದ ಉಳಿತಾಯವನ್ನೋ ವಿಮೆಯನ್ನೋ ಕುರಿತ ನಾಲ್ಕು ಮಾತುಗಳನ್ನು ಅವರು ನಿರೀಕ್ಷಿಸಿದ್ದರೆಂಬುದು ಸ್ಪಷ್ಟ. ಆ ವಿಷಯ ಮುಂದಿನ ವರ್ಷಕ್ಕಿರಲಿ. ಕಳೆದೊಂದು ವರ್ಷದಿಂದ ಕಳಕ್ಕೂಟಂನ ನಮ್ಮ ಮನೆಯ ನಡುಮನೆಯಲ್ಲಿ ಒಂದು ಮರದ ಹಡಗು ಬಂದು ಕುಳಿತಿದೆ. ಅದನ್ನು ದುರಸ್ತಿ ಮಾಡಿಸಬೇಕೇ, ಮಾರಿಬಿಡಬೇಕೇ ಎಂಬ ಪ್ರಶ್ನೆ ನಮ್ಮ ಸಂಸಾರದಲ್ಲಿ ಉಂಟುಮಾಡಿದ ಚರ್ಚೆ ಇನ್ನಾವ ಸಾಲದ ಅರ್ಜಿಯೂ ನನ್ನ ಮೇಜಿನ ಮೇಲೆ ಉಂಟುಮಾಡಿಲ್ಲ. ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಇಂತಹುದೊಂದು ವಸ್ತು ಇದ್ದೇ ಇರುತ್ತದೆ. ತೊಟ್ಟಿಲೋ, ತಾಳೆಯೋಲೆಯ ಕಟ್ಟೋ, ಅಜ್ಜನ ಪೆಟ್ಟಿಗೆಯೋ ಇರಬಹುದು. ಆದುದರಿಂದ ಈ ವಿಷಯವಾಗಿ ನನಗೆ ತೋರಿದುದನ್ನು ಓದುಗರ ಮುಂದಿಡುವುದು ಅಸಂಗತವಾಗಲಾರದೆಂದು ನಂಬಿದ್ದೇನೆ.

ಹಡಗು ಎಂದರೆ ಮೂರಡಿಗೆ ಸ್ವಲ್ಪ ಕಡಿಮೆ ಉದ್ದದ ಮಾದರಿ. ಜಾತಿಯಲ್ಲಿ ಪತ್ತೇಮಾರಿ, ನಮ್ಮ ಮಂಗಳೂರು ಬಂದರಿನವರು ಮಂಜಿ ಎಂದು ಕರೆಯುತ್ತಿದ್ದ ಸರಕಿನ ಹಾಯಿಹಡಗಿಗೆ ಹತ್ತಿರದ ಬಂಧು. ಒಡಲು ಹೆಬ್ಬಲಸಿನದು; ಇಲ್ಲಿಯ ಮಲಯಾಳಿಗಳು ಆಂಜಿಲಿ ಎನ್ನುವ ಮರ. ಹಾಯಿಕಂಬಗಳೆರಡು, ಹುರಿಗಳೆಲ್ಲ ತೆಂಗಿನ ನಾರಿನವು, ಲಂಗರುಗಳು ಸೀಸದ ಎರಕ. ನನ್ನ ಅಜ್ಜ ಹೆಂಚಿನ ವ್ಯಾಪಾರದವರೊಬ್ಬರ ಬಳಿ ಬಂದರಿನಲ್ಲಿ ಗುಮಾಸ್ತರಾಗಿದ್ದರು. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಆ ಕಾಲಕ್ಕೆ ಊರೆಲ್ಲ ಹರಡಿ, ಮಂಗಳೂರು ಹೆಂಚು ಹಾಯಿಹಡಗುಗಳಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ಹೋಗುತ್ತಿತ್ತು. ಮಳೆಗಾಲದಲ್ಲಿ ಹಡಗುಗಳನ್ನು ದಡಕ್ಕೆಳೆದು ಮಡಲು ಹೊದಿಸಿಡುತ್ತಿದ್ದರು. ಆ ಬಿಡುವಿನಲ್ಲಿ ಹಡಗಿನ ಬಡಗಿಯೊಬ್ಬ ಇದನ್ನು ಕೆತ್ತಿ ಅಜ್ಜನಿಗೆ ಕೊಟ್ಟನೆಂಬುದು ಮನೆಯ ಮಾತು. ಪೀಠದ ಅಡಿಯಲ್ಲಿ ಸೀಸಕಡ್ಡಿಯಿಂದ ಬರೆದ 1936 ಎಂಬ ಅಂಕೆ ಈಗಲೂ ಕಾಣುತ್ತದೆ. 1974ರಲ್ಲಿ ಪಣಂಬೂರಿನ ಹೊಸ ಬಂದರು ಮಹಾಬಂದರೆಂದು ಘೋಷಿತವಾದ ಮೇಲೆ ಹಳೆಯ ಬಂದರಿನ ವೈಭವ ಇಳಿಯಿತು. ಅಜ್ಜನ ಹಡಗು ಅಟ್ಟಕ್ಕೆ ಏರಿತು. ಊರಿನ ಮನೆಯನ್ನು ಖಾಲಿ ಮಾಡುವಾಗ ಅದು ನನ್ನ ಪಾಲಿಗೆ ಬಂದಿತೆನ್ನುವುದಕ್ಕಿಂತ, ಬೇರೆ ಯಾರಿಗೂ ಇಡಲು ಸ್ಥಳವಿಲ್ಲದುದರಿಂದ ನನ್ನ ಕಾರಿನ ಹಿಂದಿನ ಸೀಟಿಗೆ ಬಂದಿತೆನ್ನುವುದು ಸತ್ಯ.

ಬಂದ ಸ್ಥಿತಿ ಹೀಗಿತ್ತು: ಒಂದು ಹಾಯಿಕಂಬ ಬುಡದಲ್ಲಿ ಸಡಿಲ, ಹುರಿಗಳಲ್ಲಿ ಅರ್ಧ ತುಂಡು, ಎಡಪಕ್ಕದ ಎರಡು ಹಲಗೆಗಳ ನಡುವೆ ಬಿರುಕು, ತಳದಲ್ಲಿ ಹುಳು ಕೊರೆದ ಸಣ್ಣ ರಂಧ್ರಗಳು, ಲಂಗರುಗಳ ಮೇಲೆ ಹಿಟ್ಟಿನಂತಹ ಬಿಳಿಪುಡಿ. ಹಿಂಭಾಗದ ಹಲಗೆಯ ಮೇಲೆ ಕೆಂಪು ಬಣ್ಣ ಬಳಿದು ಅದರ ಮೇಲೆ ಕನ್ನಡದಲ್ಲಿ ಹಡಗಿನ ಹೆಸರು. ಈ ಹೆಸರಿನ ಕಥೆಯನ್ನು ಹೇಳುವುದು ನನಗೆ ಸುಖಕರವಲ್ಲ, ಆದರೂ ಹೇಳಬೇಕು.

ಒಂದು ಭಾನುವಾರ ಬೆಳಿಗ್ಗೆ, ಯಾರನ್ನೂ ಕೇಳದೆ, ಅಂಗಡಿಯಿಂದ ಉಪ್ಪುಕಾಗದ ತಂದು ಹಿಂಭಾಗದಿಂದ ಉಜ್ಜತೊಡಗಿದೆ. ಒಂಬತ್ತು ವರ್ಷದ ಮಗಳು ಹಡಗನ್ನು ಹಿಡಿದುಕೊಂಡು ಸಹಾಯ ಮಾಡಿದಳು. ಕಪ್ಪಾಗಿದ್ದ ಕೊಳೆ ಹೋಗಿ ಹೊಂಬಣ್ಣದ ಮರ ಕಾಣಿಸಿಕೊಂಡಾಗ ಆದ ಸಂತೋಷದಲ್ಲಿ ಕೊಳೆಯೊಂದಿಗೆ ಇನ್ನೇನು ಹೋಗುತ್ತಿದೆಯೆಂಬ ಅರಿವು ನನಗಾಗಲಿಲ್ಲ. ಹತ್ತು ನಿಮಿಷಗಳ ಮೇಲೆ ನೋಡಿದರೆ ಹೆಸರಿನ ಕೊನೆಯ ಎರಡಕ್ಷರ ಮಾತ್ರ ಉಳಿದಿತ್ತು: ‘ಸಾದ’. ಏನೋ ಒಂದು ‘ಪ್ರಸಾದ’ವೆಂಬುದು ನಿಶ್ಚಯ. ದುರ್ಗಾಪ್ರಸಾದವೆಂದು ನನ್ನ ನೆನಪು. ಲಕ್ಷ್ಮೀಪ್ರಸಾದವೆಂದು ಮಂಗಳೂರಿನಲ್ಲಿರುವ ಅಕ್ಕನ ನೆನಪು. ಛಾಯಾಚಿತ್ರ ಯಾರಲ್ಲಿಯೂ ಇಲ್ಲ. ಬಂದರಿನ ದಾಖಲೆಗಳಲ್ಲಿ ಆ ಹಡಗನ್ನು ಹುಡುಕಬಹುದಾಗಿದ್ದ ಒಂದೇ ಒಂದು ಸೂಚನೆಯನ್ನು, ತೊಂಬತ್ತು ವರ್ಷಗಳ ಕಾಲ ಇಲಿ, ಗೆದ್ದಲು, ಮಳೆಗಳು ಮುಟ್ಟದೆ ಬಿಟ್ಟಿದ್ದುದನ್ನು, ನಾನು ಹತ್ತು ರೂಪಾಯಿಯ ಕಾಗದದಿಂದ ಅಳಿಸಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಈ ಸಂಚಿಕೆಯಲ್ಲಿ ಆರೋಗ್ಯದ ವಿಷಯವಾಗಿ ಬರೆಯುವ ವೈದ್ಯಮಿತ್ರರ ಕ್ಷೇತ್ರವನ್ನು ಇಲ್ಲಿ ಸ್ವಲ್ಪ ಅತಿಕ್ರಮಿಸಬೇಕಾಗಿದೆ, ಕ್ಷಮಿಸಬೇಕು. ಹಳೆಯ ಕಾಲದ ಕೆಂಪು, ಬಿಳಿ, ಹಳದಿ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ದೋಣಿ ಹಡಗುಗಳಿಗಂತೂ ಕೆಂಪು ಸೀಸ ಅತ್ಯಂತ ಪ್ರಿಯವಾದ ಲೇಪನ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ದಶಲಕ್ಷಕ್ಕೆ 90 ಭಾಗಗಳನ್ನು ಮೀರಕೂಡದೆಂಬ ನಿಯಮ ಬಂದದ್ದೇ 2016ರಲ್ಲಿ; ಜಾರಿಗೆ ಬಂದದ್ದು ಮರುವರ್ಷ. ಬಣ್ಣ ಗಟ್ಟಿಯಾಗಿ ಅಂಟಿಕೊಂಡಿರುವವರೆಗೆ ಅಪಾಯ ಅಲ್ಪ. ಒಣಗಿದ ಬಣ್ಣವನ್ನು ಉಜ್ಜಿದಾಗ ಏಳುವ ಧೂಳು ಉಸಿರಿನ ಮೂಲಕವೂ, ಕೈಬೆರಳುಗಳಿಂದ ಬಾಯಿಯ ಮೂಲಕವೂ ದೇಹವನ್ನು ಸೇರುತ್ತದೆ. ದೊಡ್ಡವರಿಗಿಂತ ಮಕ್ಕಳ ದೇಹ ಅದನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಮಿದುಳಿನ ಬೆಳವಣಿಗೆಗೆ ಅದರಿಂದಾಗುವ ಹಾನಿ ಹಿಂದಿರುಗಿಸಲಾಗದ್ದು. ಮಕ್ಕಳ ಮಟ್ಟಿಗೆ ಇಷ್ಟು ಸೀಸ ನಿರಪಾಯವೆಂದು ಹೇಳಬಹುದಾದ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಇದನ್ನೆಲ್ಲ ನಾನು ಓದಿದ್ದು ಆ ಭಾನುವಾರದ ರಾತ್ರಿ. ಮಗಳ ರಕ್ತಪರೀಕ್ಷೆ ಮಾಡಿಸಿದೆವು. ವರದಿ ನೋಡಿದ ವೈದ್ಯರು ಚಿಂತೆಗೆ ಕಾರಣವಿಲ್ಲವೆಂದರು. ವರದಿ ಬರುವವರೆಗಿನ ಮೂರು ದಿನ ನಾನೂ ನನ್ನ ಹೆಂಡತಿಯೂ ಆ ಹಡಗನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಬಾಲ್ಕನಿಯಲ್ಲಿಟ್ಟಿದ್ದೆವೆಂದರೆ ಸಾಕು.

ಲಂಗರುಗಳ ಮೇಲಿನ ಬಿಳಿಪುಡಿಯೂ ಅದೇ ಸೀಸದ ಕಾಯಿಲೆ. ಮರವೂ ಪ್ಲೈವುಡ್ಡಿನ ಅಂಟೂ ನಿಧಾನವಾಗಿ ಹುಳಿಯ ಆವಿಯನ್ನು ಬಿಡುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿ ನಿಂತು ಸೀಸವನ್ನು ತಿಂದು ಪುಡಿಮಾಡುತ್ತದೆ. ಅಮೆರಿಕದ ನೌಕಾಪಡೆಯ ಹಡಗು-ಮಾದರಿ ಸಂಗ್ರಹವನ್ನು ನೋಡಿಕೊಳ್ಳುವವರು ಈ ಕಾಯಿಲೆಯ ವಿಚಾರವಾಗಿಯೇ ಬರೆದಿದ್ದಾರೆ. ‘ಗಾಳಿಯಾಡದಂತೆ ಗಾಜಿನ ಪೆಟ್ಟಿಗೆಯಲ್ಲಿಟ್ಟುಬಿಡಿ, ನೂರು ವರ್ಷ ಇರುತ್ತದೆ’ ಎಂದು ನನಗೆ ಉಪದೇಶ ಮಾಡಿದವರು ಒಬ್ಬರಲ್ಲ, ನಾಲ್ವರು.

ಇನ್ನು ದುರಸ್ತಿಯ ಮಾತಿಗೆ ಬರುತ್ತೇನೆ. ಮರದ ಸಾಮಾನುಗಳಿಗೆ ಪಾಲಿಶ್ ಹಾಕುವ ಇಲ್ಲಿಯ ಕುಶಲಕರ್ಮಿಯೊಬ್ಬರನ್ನು ಕರೆಸಿದೆ. ಸಜ್ಜನರು. ಎಲ್ಲ ಬಣ್ಣವನ್ನೂ ಕೆರೆದು ವಾರ್ನಿಷ್ ಹೊಡೆದು, ಬಿರುಕಿಗೆ ಅಂಟುಪುಟ್ಟಿ ತುಂಬಿ, ನೈಲಾನ್ ಹುರಿ ಕಟ್ಟಿ, ‘ಮುಂದಕ್ಕೆ ಬಾಗಿಹೋಗಿರುವ’ ಕಂಬಗಳನ್ನು ನೆಟ್ಟಗೆ ನಿಲ್ಲಿಸಿಕೊಡುವುದಾಗಿ ಹೇಳಿದರು. ಕೇಳಿದ ಹಣವೂ ಹೆಚ್ಚಲ್ಲ. ಆ ಭಾನುವಾರದ ಅನುಭವ ಆಗಿರದಿದ್ದರೆ ಆಗಲೆಂದೇ ಹೇಳಿಬಿಡುತ್ತಿದ್ದೆ. ಅದಾದ ಒಂದು ತಿಂಗಳಿಗೆ ಕೆಲಸದ ನಿಮಿತ್ತ ಕೋಳಿಕ್ಕೋಡಿಗೆ ಹೋದಾಗ ಬಿಡುವು ಮಾಡಿಕೊಂಡು ಬೇಪೂರಿಗೆ ಹೋದೆ. ನಿಲಂಬೂರಿನ ತೇಗದಿಂದ ‘ಉರು’ ಎಂಬ ಮಹಾನೌಕೆಗಳನ್ನು ಕಟ್ಟಿದ ಊರು ಅದು. ಅರಬರ ನಾಡುಗಳಿಗಾಗಿ ಇಂದಿಗೂ ಅಲ್ಲಿ ಉರುಗಳು ಏಳುತ್ತವೆ. ಕಾಗದದ ನಕ್ಷೆಯಿಲ್ಲದೆ, ಅಳತೆಗಳನ್ನು ತಲೆಯಲ್ಲಿಟ್ಟುಕೊಂಡೇ ಕೆಲಸ ನಡೆಸುವ ಬಡಗಿಗಳ ಪರಂಪರೆ ಅಲ್ಲಿಯದು. ವಯಸ್ಸಾದ ಆಶಾರಿಯೊಬ್ಬರಿಗೆ ನನ್ನ ಫೋನಿನಲ್ಲಿದ್ದ ಚಿತ್ರಗಳನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಕಂಬಗಳ ಮೇಲೆ ಬೆರಳಿಟ್ಟು, ‘ಇದು ಬಾಗಿದ್ದಲ್ಲ ಸಾರ್, ಬಾಗಿಸಿದ್ದು’ ಎಂದರು. ಪತ್ತೇಮಾರಿಯ ಹಾಯಿಕಂಬ ಮುಂದಕ್ಕೆ ಓರೆಯಾಗಿರಬೇಕಾದದ್ದೇ ಲಕ್ಷಣ. ಉದ್ದನೆಯ ಅಡ್ಡಮರಕ್ಕೆ ಕಟ್ಟಿದ ತ್ರಿಕೋನಾಕಾರದ ಹಾಯಿ ಕಂಬಕ್ಕೆ ತಗಲದೆ ತೂಗಾಡುವುದಕ್ಕೆ ಆ ಓರೆ ಅನುಕೂಲ. ನೆಟ್ಟಗೆ ಮಾಡಿದ್ದರೆ ನಮ್ಮ ಮನೆಯಲ್ಲಿ ಹೊಳೆಯುವ ಹಡಗೊಂದು ಇರುತ್ತಿತ್ತು, ಪತ್ತೇಮಾರಿ ಇರುತ್ತಿರಲಿಲ್ಲ. ಅಡ್ಡಮರ ಎಲ್ಲಿ ಮುರಿದಿದೆಯೆಂಬುದನ್ನೂ ಅವರು ಚಿತ್ರದಲ್ಲಿಯೇ ಗುರುತಿಸಿದರು. ಅದು ಮುರಿದಿದೆಯೆಂಬುದೇ ನನಗೆ ಅದುವರೆಗೆ ಗೊತ್ತಿರಲಿಲ್ಲ.

ಹಳೆಯ ವಸ್ತುವಿನ ಬೆಲೆ ಅದರ ಹೊಳಪಿನಲ್ಲಿಲ್ಲ, ಅದು ಹೇಳಬಲ್ಲ ಸಾಕ್ಷ್ಯದಲ್ಲಿದೆಯೆಂಬುದು ನನ್ನ ಅಭಿಪ್ರಾಯ. ಲಂಡನ್ನಿನ ಬಳಿಯ ಗ್ರೀನಿಚ್ ವಸ್ತುಸಂಗ್ರಹಾಲಯದಲ್ಲಿರುವ ಹದಿನೇಳನೆಯ ಶತಮಾನದ ಹಡಗು-ಮಾದರಿಗಳನ್ನು ವಿದ್ವಾಂಸರು ಇಂದಿಗೂ ಅಭ್ಯಾಸ ಮಾಡುವುದು, ಎಂದೋ ಮುಳುಗಿಹೋದ ಹಡಗುಗಳ ಒಳಗಟ್ಟು ಅವುಗಳಲ್ಲಿ ಉಳಿದಿದೆಯೆಂಬ ಕಾರಣಕ್ಕೆ. ನಮ್ಮಲ್ಲಿ ಅಂತಹ ಸಾಕ್ಷ್ಯ ಎಷ್ಟು ಕಡಿಮೆಯೆಂಬುದಕ್ಕೆ ಇತ್ತೀಚಿನ ಉದಾಹರಣೆಯೊಂದಿದೆ. 2025ರ ಮೇ 21ರಂದು ನಮ್ಮದೇ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಎಂಬ ಹಾಯಿನೌಕೆಯನ್ನು ಕೇರಳದ ಬಾಬು ಶಂಕರನ್ ಅವರ ನೇತೃತ್ವದಲ್ಲಿ ಬಡಗಿಗಳು ಗೋವೆಯಲ್ಲಿ ಕಟ್ಟಿದರು. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದ ನೌಕೆ ಅದು. ಹಿಂದಿನ ನಕ್ಷೆಯಾಗಲಿ ಮಾದರಿಯಾಗಲಿ ಉಳಿದಿರದ ಕಾರಣ ಅಜಂತೆಯ ಭಿತ್ತಿಚಿತ್ರವೊಂದನ್ನೇ ಆಧಾರವಾಗಿಟ್ಟುಕೊಂಡು, ಮದರಾಸಿನ ಐ.ಐ.ಟಿ.ಯಲ್ಲಿ ಹೊಸ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿ ಮುಂದುವರಿಯಬೇಕಾಯಿತು. ಆ ವರ್ಷದ ಕೊನೆಯಲ್ಲಿ ಪೋರಬಂದರಿನಿಂದ ಹೊರಟು ಮುಂದಿನ ಜನವರಿಯಲ್ಲಿ ಅದು ಮಸ್ಕತ್ ತಲುಪಿದ್ದನ್ನು ಓದಿದಾಗ, ಯಾವುದಾದರೊಂದು ಮನೆಯ ಅಟ್ಟದಲ್ಲಿ ಯಾವನೋ ಬಡಗಿ ಕೆತ್ತಿದ ಒಂದು ಮಾದರಿ ಉಳಿದಿದ್ದರೆ ಅವರ ಕೆಲಸ ಎಷ್ಟು ಹಗುರವಾಗುತ್ತಿತ್ತೆಂದು ಯೋಚಿಸಿದೆ. ನಮ್ಮ ಪತ್ತೇಮಾರಿ ಅಷ್ಟು ಪ್ರಾಚೀನವಲ್ಲ, ಒಪ್ಪುತ್ತೇನೆ. ಆದರೆ ಪತ್ತೇಮಾರಿಯೂ ಈಗ ಕಡಲಿನಲ್ಲಿಲ್ಲ. ನಮ್ಮ ಮನೆಯಿಂದ ಗಂಟೆಯ ದಾರಿಯ ವಿಳಿಂಞಂಗೆ 2025ರ ಜೂನ್‌ನಲ್ಲಿ ಸುಮಾರು ನಾನೂರು ಮೀಟರ್ ಉದ್ದದ ಕಂಟೈನರ್ ಹಡಗು ಬಂದು ನಿಂತಾಗ ಮಗಳಿಗೆ ತೋರಿಸಲು ಹೋಗಿದ್ದೆವು. ಅವಳು ಕೇಳಿದ ಮೊದಲ ಪ್ರಶ್ನೆ: ‘ಇದಕ್ಕೆ ಕಂಬ ಎಲ್ಲಿ?’

ಹಾಗೆಂದು ದುರಸ್ತಿಯೇ ಕೂಡದೆಂದು ನಾನು ಹೇಳುತ್ತಿಲ್ಲ. ಮುಂಬಯಿಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೊಮಾಲಿ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿರುವುದು ಹತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆದ ಜೀರ್ಣೋದ್ಧಾರದಿಂದಲೇ. ಆದರೆ ಆ ಕೆಲಸದಲ್ಲಿ ತೊಡಗಿದವರು ಪಾಲಿಸುವ ನಿಯಮಗಳೆರಡು. ಅಗತ್ಯವಿದ್ದಷ್ಟನ್ನು ಮಾತ್ರ ಮಾಡಬೇಕು. ಮಾಡಿದ್ದನ್ನು ಮುಂದಿನವರು ಬಿಚ್ಚಿ ತೆಗೆಯುವಂತಿರಬೇಕು. ಹಳೆಯ ಕಾಲದಲ್ಲಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ಕಾಯಿಸಿದ ಅಂಟು ಬೆಚ್ಚನೆಯ ನೀರಿಗೆ ಮೆತ್ತಗಾಗಿ ಬಿಡುತ್ತದೆ. ಈಗ ಎರಡು ಟ್ಯೂಬುಗಳನ್ನು ಕಲಸಿ ಹಚ್ಚುವ ಎಪಾಕ್ಸಿ ಅಂಟು ಮರ ಹರಿದರೂ ಬಿಡುವುದಿಲ್ಲ. ಗಟ್ಟಿಯಾದದ್ದೇ ಒಳ್ಳೆಯದೆಂಬ ನಮ್ಮ ಸಾಮಾನ್ಯ ತಿಳಿವಳಿಕೆ ಇಲ್ಲಿ ತಲೆಕೆಳಗಾಗುತ್ತದೆ. ಬಿರುಕಿನ ವಿಷಯವೂ ಹಾಗೆಯೇ. ಕಳಕ್ಕೂಟಂನ ಮಳೆಗಾಲದ ತೇವಕ್ಕೆ ಮರ ಉಬ್ಬುತ್ತದೆ, ರಾತ್ರಿಯಿಡೀ ಹವಾನಿಯಂತ್ರಣ ಹಾಕಿದ ಕೋಣೆಯಲ್ಲಿ ಕುಗ್ಗುತ್ತದೆ. ಬಿರುಕನ್ನು ಕಲ್ಲಿನಂತಹ ಪುಟ್ಟಿಯಿಂದ ತುಂಬಿದರೆ, ಮುಂದಿನ ಬಾರಿ ಉಬ್ಬಿದ ಮರ ಪಕ್ಕದಲ್ಲಿ ಇನ್ನೊಂದು ಬಿರುಕನ್ನು ಹುಡುಕಿಕೊಳ್ಳುತ್ತದೆ. ಹಡಗನ್ನು ಹವಾನಿಯಂತ್ರಿತ ಕೋಣೆಯಿಂದ ಹೊರಗೆ, ಬಿಸಿಲು ಬೀಳದ ಒಳಗೋಡೆಯ ಬದಿಗೆ ಸರಿಸಿದ ಮೇಲೆ ನಮ್ಮ ಬಿರುಕು ಬೆಳೆದಿಲ್ಲ. ಖರ್ಚು ಏನೂ ಇಲ್ಲ.

ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗೆ ದುರಸ್ತಿಯ ವೆಚ್ಚ ಬೇರೆ, ಬಂಡವಾಳದ ವೆಚ್ಚ ಬೇರೆ ಎಂದು ಮೊದಲ ವರ್ಷದಲ್ಲಿಯೇ ಕಲಿಸುತ್ತಾರೆ. ಯಂತ್ರವನ್ನು ಇದ್ದ ಸ್ಥಿತಿಯಲ್ಲಿ ಕಾಪಾಡಿದರೆ ಮೊದಲನೆಯದು, ಬೇರೆಯದನ್ನಾಗಿ ಮಾಡಿದರೆ ಎರಡನೆಯದು. ಪಾಲಿಶಿನವರು ಹೇಳಿದ್ದು ದುರಸ್ತಿಯೇ ಅಲ್ಲ, ಹೊಸ ಆಸ್ತಿಯ ನಿರ್ಮಾಣ. (ನಮ್ಮ ಕಾಲದ ಲೆಕ್ಕಶಾಸ್ತ್ರದ ಪಠ್ಯದಲ್ಲಿ ಹಡಗಿನ ಯಾನದ ಲೆಕ್ಕವೆಂದೇ ಒಂದು ಅಧ್ಯಾಯವಿತ್ತು. ವರ್ಷಾಂತ್ಯಕ್ಕೆ ಹಡಗು ಇನ್ನೂ ದಡ ಸೇರದಿದ್ದರೆ ಲಾಭನಷ್ಟವನ್ನು ಪೂರ್ತಿಯಾಗಿ ತೋರಿಸದೆ ‘ನಡೆಯುತ್ತಿರುವ ಯಾನ’ವೆಂದು ಬರೆದಿಡಬೇಕು. ಪರೀಕ್ಷೆಯಲ್ಲಿ ಆ ಲೆಕ್ಕ ಎಂದೂ ನನಗೆ ಸರಿಬಂದದ್ದಿಲ್ಲ.)

ವಿಕ್ರಯದ ಪಕ್ಷವನ್ನು ಹಿಡಿದವರು ನಮ್ಮ ಮನೆಯಲ್ಲಿ ಇಲ್ಲವೆಂದಲ್ಲ. ಅವರ ವಾದದಲ್ಲಿ ಹುರುಳಿಲ್ಲವೆಂದೂ ಅಲ್ಲ. ಕೊಚ್ಚಿಯ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರು ಚಿತ್ರಗಳನ್ನು ನೋಡಿ ಅರವತ್ತು ಸಾವಿರ ರೂಪಾಯಿ ಕೊಡುವುದಾಗಿ ಹೇಳಿ ಕಳುಹಿಸಿದರು. ವಿದೇಶದ ಗಿರಾಕಿಯೊಬ್ಬರು ಸಿದ್ಧರಿದ್ದಾರಂತೆ, ಬೇಗ ತಿಳಿಸಬೇಕಂತೆ. ಅದೇ ಸಮಯಕ್ಕೆ ಮಂಗಳೂರಿನಲ್ಲಿ ಭಾವನವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆರಂಭವಾಗಿತ್ತು. ಹಡಗು ಅಜ್ಜನದು, ಅದರಲ್ಲಿ ಅಕ್ಕನಿಗೆ ನನ್ನಷ್ಟೇ ಹಕ್ಕು. ಹಣ ಬೇಕಾಗಿದ್ದ ಮನೆ ಅವಳದು, ಹಡಗು ಇದ್ದ ಮನೆ ನನ್ನದು. ಸಾಕ್ಷ್ಯ, ಪರಂಪರೆ ಎಂದು ನಾನು ಮಾತನಾಡುತ್ತ ಕುಳಿತರೆ ಆ ಮಾತಿನ ಖರ್ಚನ್ನು ಭರಿಸುತ್ತಿದ್ದವಳು ಅವಳು. ಔಷಧಕ್ಕೆ ಹಣ ಸಾಲದ ಮನೆಯವರು ಹಳೆಯ ವಸ್ತುವನ್ನು ಮಾರಿದರೆ ಅದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ. ನಾಚಿಕೆ ಪಡಬೇಕಾದವರು ಹಾಗೆ ಮಾರಿದವರನ್ನು ಆಡಿಕೊಳ್ಳುವ ಬಂಧುಗಳು.

ಆದರೆ ಮಾರುವುದಾದರೂ ತಿಳಿದು ಮಾರಬೇಕು. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷಗಳಿಗೆ ಕಡಿಮೆಯಿಲ್ಲದ ಕಲಾಕೃತಿ, ಕರಕುಶಲ ವಸ್ತುಗಳು ಪುರಾತನವೆನಿಸುತ್ತವೆ. ಅಂತಹವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ, ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ನಮ್ಮ ಹಡಗಿಗೆ 2036ರಲ್ಲಿ ನೂರು ತುಂಬುತ್ತದೆ. ವ್ಯಾಪಾರಿಯ ಅವಸರಕ್ಕೆ ಇದೂ ಒಂದು ಕಾರಣವಾಗಿರಬಹುದೇನೋ. ಪೀಠದ ಅಡಿಯ ಅಂಕೆಯ ಚಿತ್ರವನ್ನು ಮಾತ್ರ ಅವರು ಎರಡು ಸಲ ಕೇಳಿದ್ದರು. ತೆರಿಗೆಯ ಮಾತೂ ಇದೆ: ಮನೆಬಳಕೆಯ ಸಾಮಾನು ಮಾರಿದರೆ ಬಂಡವಾಳ ಲಾಭದ ಪ್ರಶ್ನೆ ಬರುವುದಿಲ್ಲ, ಕಲಾಕೃತಿಯೆನಿಸಿದರೆ ಬರುತ್ತದೆ, ಮಾರುವ ಮೊದಲು ಲೆಕ್ಕಪರಿಶೋಧಕರನ್ನು ಕೇಳುವುದು ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಮಾರುವ ಉದ್ದೇಶದಿಂದ ಮೊದಲು ಪಾಲಿಶ್ ಮಾಡಿಸಲೇಬಾರದು. ತಿಳಿದು ಕೊಳ್ಳುವವನು ಹಾಗೆ ಹೊಳೆಯುವುದಕ್ಕೆ ಕಡಿಮೆ ಬೆಲೆ ಕಟ್ಟುತ್ತಾನೆ. ಹೆಚ್ಚು ಕೊಡುವವನಿಗೆ ಅದು ಹೋಟೆಲಿನ ಮೊಗಸಾಲೆಯ ಅಲಂಕಾರ.

ಒಂದು ರಾತ್ರಿ ಅಕ್ಕನಿಗೆ ಫೋನು ಮಾಡಿ ಎಲ್ಲವನ್ನೂ, ಉಪ್ಪುಕಾಗದದ ಸಂಗತಿಯನ್ನೂ, ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನಗೆ ಬೇಕಾದರೆ ಇಟ್ಟುಕೋ ಮಾರಾಯ. ಆದರೆ ನನ್ನ ಪಾಲು ಎಷ್ಟೆಂದು ನೀನೇ ಹೇಳಬೇಕು, ನನ್ನಿಂದ ಕೇಳಿಸಬೇಡ’ ಎಂದಳು. ವ್ಯಾಪಾರಿ ಹೇಳಿದ ಬೆಲೆಯ ಅರ್ಧವನ್ನು, ಮೂವತ್ತು ಸಾವಿರವನ್ನು, ಮರುದಿನವೇ ಅವಳ ಖಾತೆಗೆ ಹಾಕಿದೆ. ಭಾವನವರ ಚಿಕಿತ್ಸೆಗೆ ನಾನು ಕೊಡಬೇಕಾದದ್ದು ಅದಕ್ಕೆ ಹೊರತಾದದ್ದು. ಎರಡನ್ನೂ ಒಂದೇ ಲೆಕ್ಕದಲ್ಲಿ ಸೇರಿಸಕೂಡದೆಂದು ನನ್ನ ಹೆಂಡತಿ ಎಚ್ಚರಿಸಿದ್ದಳು, ಸರಿಯಾಗಿಯೇ. ಇಟ್ಟುಕೊಳ್ಳಬೇಕೆನ್ನುವವನು ಇಟ್ಟುಕೊಳ್ಳುವುದರ ಬೆಲೆಯನ್ನು ತನ್ನ ಕೈಯಿಂದ ತೆರಬೇಕು. ಹಾಗೆ ತೆರಲಾಗದಿದ್ದರೆ ದುರಸ್ತಿಗೆ ಕೈಹಾಕದೆ, ಇದ್ದಂತೆಯೇ ಮಾರಬೇಕು. ಅಥವಾ ನೋಡಿಕೊಳ್ಳಬಲ್ಲ ಸಂಗ್ರಹಾಲಯಕ್ಕೆ ಕೊಡಬೇಕು. ಬಂಧುಗಳ ನಡುವೆ ಉಳಿಯುವ ದಾರಿ ನನಗೆ ಬೇರೆ ಕಾಣುವುದಿಲ್ಲ.

ಈಗ ಮಾಡಿರುವುದು ಇಷ್ಟು. ಎಲ್ಲ ಕಡೆಗಳಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಎಂಬತ್ತು ಚಿತ್ರಗಳನ್ನು ತೆಗೆದು ಅಕ್ಕನಿಗೂ ಒಂದು ಪ್ರತಿ ಕಳುಹಿಸಿದ್ದೇನೆ. ಮುಖಕ್ಕೆ ಮಾಸ್ಕು, ಕೈಗೆ ಗವಸು ಹಾಕಿಕೊಂಡು, ಮಕ್ಕಳನ್ನು ಬೇರೆಡೆಗೆ ಕಳುಹಿಸಿ, ಒಣಗುಂಚಿನ ಬದಲು ಚೆನ್ನಾಗಿ ಹಿಂಡಿದ ಒದ್ದೆಬಟ್ಟೆಯಿಂದ ಧೂಳನ್ನು ಒತ್ತಿ ತೆಗೆದು, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆದೆ. ಸೀಸದ ಲಂಗರುಗಳನ್ನು ಬಿಚ್ಚಿ, ಮರದ ಸೋಂಕಿಲ್ಲದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೇರೆ ಇಟ್ಟಿದ್ದೇನೆ. ರಂಧ್ರಗಳ ಕೆಳಗೆ ಕಪ್ಪು ಕಾಗದ ಹಾಸಿ ಎರಡು ತಿಂಗಳು ನೋಡಿದೆ. ಹೊಸ ಪುಡಿ ಬೀಳಲಿಲ್ಲ, ಆದುದರಿಂದ ಹುಳು ಈಗ ಇಲ್ಲದಿರಬಹುದು. ಬಿದ್ದಿದ್ದರೆ ಸೀಮೆಎಣ್ಣೆ ಹಚ್ಚುವ ಬದಲು, ಪಾಲಿಥೀನಿನಲ್ಲಿ ಬಿಗಿದು ಶೈತ್ಯಾಗಾರದ ಕೊರೆಯುವ ಚಳಿಯಲ್ಲಿ ಕೆಲವು ವಾರ ಇಡುವುದು ಸಂಗ್ರಹಾಲಯದವರ ಕ್ರಮ. ತುಂಡಾದ ಹುರಿಗಳನ್ನು ತೆಗೆದಿಲ್ಲ, ಎಲ್ಲಿಯದು ಎಲ್ಲಿಗೆ ಎಂದು ಚೀಟಿ ಕಟ್ಟಿದೆ. ಸಡಿಲವಾದ ಕಂಬಕ್ಕೆ ನಾನು ಕೈಹಚ್ಚುವುದಿಲ್ಲ. ಲಖನೌದಲ್ಲಿ 1976ರಲ್ಲಿ ಆರಂಭವಾದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯಕ್ಕೆ ಮೈಸೂರಿನಲ್ಲಿ ಪ್ರಾದೇಶಿಕ ಶಾಖೆಯಿದೆ. ಬರುವ ರಜೆಯಲ್ಲಿ ಚಿತ್ರಗಳೊಂದಿಗೆ ಅಲ್ಲಿಗೆ ಹೋಗಿ ಸಲಹೆ ಕೇಳುವವನಿದ್ದೇನೆ.

ಹೆಸರನ್ನು ಮತ್ತೆ ಬರೆಸಬೇಕೆಂದು ಮಗಳ ಹಟ. ದುರ್ಗಾ ಎಂದು ಬರೆಸಿದರೆ ಅಕ್ಕ ಒಪ್ಪಳು, ಲಕ್ಷ್ಮೀ ಎಂದರೆ ನನಗೆ ಸಮಾಧಾನವಿಲ್ಲ. ಸದ್ಯಕ್ಕೆ ‘ಸಾದ’ ಎಂದೇ ಇದೆ. ಹಳೆಯ ಮಂಗಳೂರು ಬಂದರಿನಲ್ಲಿ 1936ರ ಸುಮಾರಿಗೆ ಹೆಂಚು ಸಾಗಿಸುತ್ತಿದ್ದ ಹಾಯಿಹಡಗುಗಳ ಹೆಸರುಗಳು ಓದುಗರಲ್ಲಿ ಯಾರ ಮನೆಯ ಹಿರಿಯರಿಗಾದರೂ ನೆನಪಿದ್ದರೆ, ಅಥವಾ ಹಳೆಯ ರಶೀದಿ, ಸರಕುಪಟ್ಟಿಗಳೇನಾದರೂ ಪೆಟ್ಟಿಗೆಯಲ್ಲಿದ್ದರೆ, ಸಂಘದ ಕಚೇರಿಯ ಮೂಲಕ ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.